ಧೋಂಡಿಯ ವಾಘ: ದರೋಡೆಗಾರನೋ, ದಳಪತಿಯೋ?

ಚತುರಂಗಬಲದಲ್ಲಿ ತುರಗಕ್ಕೆ ಇರುವ ಸ್ಥಾನವು ವಾಚಕರಿಗೆ ವಿದಿತವೇ ಆಗಿದೆ. ನೆಲವನ್ನೂ ವನವನ್ನೂ ಶೋಧಿಸುವುದು, ಶತ್ರುವಿಗೆ ಬರುವ ಧಾನ್ಯವನ್ನೂ ಸಹಾಯಬಲವನ್ನೂ ದಾರಿಯಲ್ಲಿಯೇ ತಡೆಯುವುದು, ತನ್ನ ಕಡೆಯವುಗಳನ್ನು ಕಾಯುವುದು ಮೊದಲಾದುವನ್ನು ಕೌಟಿಲ್ಯನು ಅರ್ಥಶಾಸ್ತ್ರದ ಸಾಂಗ್ರಾಮಿಕಾಧಿಕರಣದಲ್ಲಿ ಅಶ್ವಕರ್ಮಗಳೆಂದು ಎಣಿಸಿದ್ದಾನೆ. ಇವೇ ಕರ್ಮಗಳನ್ನು ಸ್ವಾಮಿಯ ಆಜ್ಞೆಯಿಂದ ಮಾಡಿದವನು ಸೇನಾನಿಯೆನ್ನಿಸಿಕೊಳ್ಳುತ್ತಾನೆ. ಸ್ವಾಮಿಯಿಲ್ಲದೆ ಮಾಡಿದವನು ಚೋರನೆನ್ನಿಸಿಕೊಳ್ಳುತ್ತಾನೆ. ಧೋಂಡಿಯ ವಾಘನಿಗೆ ಆಂಗ್ಲೇಯರ ಇತಿಹಾಸಗಳಲ್ಲಿ ಬಂದಿರುವ ಹೆಸರು ಎರಡನೆಯದು. ಅದು ಎಷ್ಟರಮಟ್ಟಿಗೆ ನ್ಯಾಯವೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಚಾರವು ನಮ್ಮ ಕುಂದಾಪುರದ ಸೀಮೆಗೆ ದೂರದ್ದಲ್ಲ. ಇಲ್ಲಿಂದ ಹೊಸಂಗಡಿಯ ಘಟ್ಟವನ್ನು ಹತ್ತಿದರೆ ಕೆಳದಿಯ ಅರಸರ ರಾಜಧಾನಿಯಾಗಿದ್ದ ಬಿದನೂರು, ಎಂದರೆ ಈಗಿನ ನಗರ. 1783ರ ಜನವರಿಯಲ್ಲಿ ಆಂಗ್ಲ ಸೇನಾಪತಿ ಮ್ಯಾಥ್ಯೂಸನು ಕುಂದಾಪುರವನ್ನು ಹಿಡಿದು, ಈ ದಾರಿಯಿಂದಲೇ ಬಿದನೂರಿಗೆ ಏರಿದನು. 1799ರಲ್ಲಿ ಟೀಪೂ ಸುಲ್ತಾನನು ಮಡಿದ ಬಳಿಕ ಬೈಂದೂರು, ಕುಂದಾಪುರ, ಬ್ರಹ್ಮಾವರಗಳನ್ನೊಳಗೊಂಡ ಕರಾವಳಿಯು ಕಂಪನಿಗೆ ಸೇರಿ, ಥಾಮಸ್ ಮನ್ರೋ ಇಲ್ಲಿಯ ಮೊದಲ ಕಲೆಕ್ಟರನಾದನು. ಅದೇ ಕಾಲದಲ್ಲಿ ಘಟ್ಟದ ಮೇಲೆ ಧೋಂಡಿಯನ ಕುದುರೆಗಳು ಓಡಾಡುತ್ತಿದ್ದುವು.

ಧೋಂಡಿಯನು ಚನ್ನಗಿರಿಯಲ್ಲಿ ಹುಟ್ಟಿದ ಮರಾಠನು. ಹೈದರನ ಅಶ್ವಸೈನ್ಯದಲ್ಲಿ ಸೇವೆಗೆ ತೊಡಗಿ, ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಅದನ್ನು ತೊರೆದು, ತನ್ನದೇ ಒಂದು ದಂಡನ್ನು ಕಟ್ಟಿಕೊಂಡು ಸವಣೂರು ಹಾವೇರಿಗಳ ಕಡೆ ಧಾಳಿಮಾಡಿದನು. ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆಯು ಅವನನ್ನು ಅಲ್ಲಿಂದ ಓಡಿಸಿದನು. 1794ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಅವನನ್ನು ಟೀಪುವು ಮತಾಂತರಗೊಳಿಸಿ, ಕಡೆಗೆ ಸೆರೆಯಲ್ಲಿಟ್ಟನು. 1799ರ ಮೇ 4ರಂದು ಕೋಟೆ ಬಿದ್ದಾಗ ಅವನ ಸಂಕಲೆ ಕಳಚಿತು.

ಆ ದಿನಗಳಲ್ಲಿ ಸುಲ್ತಾನನ ಸೈನ್ಯವು ಚದರಿಹೋಗಿ, ಕುದುರೆಯೇರಿ ಖಡ್ಗ ಹಿಡಿಯುವುದೊಂದನ್ನೇ ಬಲ್ಲ ರಾವುತರು ಅನ್ನವಿಲ್ಲದೆ ನಿಂತಿದ್ದರು. ಧೋಂಡಿಯನ ಬಲವು ಬಹುಬೇಗ ಬೆಳೆದುದಕ್ಕೆ ಮೂಲಕಾರಣವು ಇಲ್ಲಿದೆ. ಬಿದನೂರು ಸೀಮೆಯಲ್ಲಿ ಅವನು ಎದ್ದುನಿಂತಾಗ ಸ್ಟೀವನ್‌ಸನ್, ಡಾಲ್ರಿಂಪಲ್ ಎಂಬ ದಳಪತಿಗಳು ಬೆನ್ನಟ್ಟಿದರು. ಆಗಸ್ಟಿನಲ್ಲಿ ಶಿಕಾರಿಪುರದ ಬಳಿ ಸೋತು ಅವನು ಮರಾಠರ ಸೀಮೆಗೆ ಓಡಿಹೋದನು. ಮರುವರ್ಷವೇ ಮತ್ತೆ ಬಲಗೂಡಿಸಿಕೊಂಡು ಬಂದು, ಉಭಯಲೋಕಾಧೀಶ್ವರನೆಂಬ ಬಿರುದನ್ನು ಧರಿಸಿದನು.

ಅವನ ಮೇಲೆ ಹೊರಟವನು ಆರ್ಥರ್ ವೆಲ್ಲೆಸ್ಲಿ. 1800ರ ಜೂನಿನಲ್ಲಿ ವೆಲ್ಲೆಸ್ಲಿಯು ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದನು. ಜೂನ್ 30ರಂದು ಕಿತ್ತೂರಿನ ಸಮೀಪದಲ್ಲಿ ಧೋಂಡಿಯನು ತನ್ನ ಹಳೆಯ ವೈರಿ ಗೋಖಲೆಯನ್ನು ಕೊಂದನು. ಜುಲೈ 30ರಂದು ಮಲಪ್ರಭೆಯ ದಂಡೆಯಲ್ಲಿ, ಮನೋಳಿಯ ಎದುರಿಗೆ, ಅವನ ಪಾಳೆಯದ ಒಂದು ಭಾಗವು ನಾಶವಾಯಿತು. ಸೆಪ್ಟೆಂಬರ್ 10ರಂದು ಕೃಷ್ಣಾ ತುಂಗಭದ್ರೆಗಳ ನಡುವಣ ಕೋಣಗಲ್ಲಿನಲ್ಲಿ ಸುಮಾರು 5000 ರಾವುತರೊಡನೆ ಅವನು ತಿರುಗಿ ನಿಂತನು. ವೆಲ್ಲೆಸ್ಲಿಯು ನಾಲ್ಕು ಅಶ್ವದಳಗಳನ್ನು ಒಂದೇ ಸಾಲಾಗಿ ನಿಲ್ಲಿಸಿ, ತಾನೇ ಮುಂದಾಗಿ ನುಗ್ಗಿದನು. ಧೋಂಡಿಯನು ರಣದಲ್ಲಿ ಬಿದ್ದನು.

ಈಗ ಪ್ರಮಾಣಗಳನ್ನು ತೂಗಿ ನೋಡೋಣ. ಸಿಕ್ಕಿದ ಮೊದಲ ಮರಕ್ಕೆ ಅವನನ್ನು ತೂಗುಹಾಕಬೇಕೆಂದು ಮದರಾಸು ಸರಕಾರವು ಅಪ್ಪಣೆಮಾಡಿದ್ದಿತು. ಇದು ಚೋರನಿಗೆ ತಕ್ಕ ಶಿಕ್ಷೆ. ಆದರೆ ಬಟಾವಿಯದ ಮೇಲಣ ದಂಡಯಾತ್ರೆಯ ಅಧಿಕಾರವು ಒದಗಿಬಂದರೂ ಅದನ್ನು ಬಿಟ್ಟು ವೆಲ್ಲೆಸ್ಲಿಯು ಇವನ ಹಿಂದೆಯೇ ಹೋದನು. ಬರಿಯ ಚೋರನನ್ನು ಹಿಡಿಯಲು ಇಷ್ಟು ಸಂಭ್ರಮವು ಬೇಕಿರಲಿಲ್ಲ. ಯುದ್ಧದ ಮರುದಿನವೇ ಅವನು ನಮ್ಮ ಕಲೆಕ್ಟರ್ ಮನ್ರೋವಿಗೆ ಪತ್ರ ಬರೆದು ವಿಜಯವನ್ನು ತಿಳಿಸಿದನು. ಮನ್ರೋ ಕೊಟ್ಟ ಉತ್ತರದಲ್ಲಿ ಹಾಸ್ಯವೂ ಸತ್ಯವೂ ಬೆರೆತಿವೆ: ನಿಮ್ಮ ದಂಡು ಅಡ್ಡಬಾರದಿದ್ದರೆ ಧೋಂಡಿಯನು ಸ್ವತಂತ್ರ ಪ್ರಭುವಾಗಿ ಹೊಸದೊಂದು ರಾಜವಂಶವನ್ನೇ ಸ್ಥಾಪಿಸುತ್ತಿದ್ದನೆಂಬುದು ಅದರ ಅಭಿಪ್ರಾಯ. ಹಾಸ್ಯವನ್ನು ಕಳೆದರೂ ಮಾತು ನಿಲ್ಲುತ್ತದೆ. ಹೈದರನು ಕೂಡ ಸಾಮಾನ್ಯ ಸೈನಿಕನಾಗಿ ಮೈಸೂರಿನ ಸೇವೆಗೆ ಸೇರಿ, 1763ರಲ್ಲಿ ಬಿದನೂರನ್ನು ಗೆದ್ದವನಲ್ಲವೆ?

ದೇಶಾಂತರದ ಒಂದು ದೃಷ್ಟಾಂತವನ್ನೂ ನೋಡಬಹುದು. ಕೋಣಗಲ್ಲಿನ ವೆಲ್ಲೆಸ್ಲಿಯೇ ಮುಂದೆ ವೆಲಿಂಗ್ಟನ್ ಪ್ರಭುವಾಗಿ 1815ರಲ್ಲಿ ವಾಟರ್ಲೂ ರಣಾಂಗಣದಲ್ಲಿ ನೆಪೋಲಿಯನ್ನನನ್ನು ಎದುರಿಸಿದನು. ಅಂದು ಅವನಿಗೆ ನೆರವಾಗಿ ಬಂದವನು ಪ್ರಷ್ಯದ ವೃದ್ಧ ಅಶ್ವಸೇನಾನಿ ಬ್ಲೂಖರ್. ಈತನು ಮೊದಲು ಸ್ವೀಡನ್ನಿನ ಕುದುರೆದಂಡಿನಲ್ಲಿದ್ದು, 1760ರಲ್ಲಿ ಪ್ರಷ್ಯದವರಿಗೆ ಸೆರೆಸಿಕ್ಕಿ, ಅವರದೇ ಸೇನೆಗೆ ಸೇರಿದನು. 1773ರಲ್ಲಿ ಸೇವೆಯಿಂದ ಹೊರಬಿದ್ದು, ಫ್ರೆಡರಿಕ್ ರಾಜನು ತೀರಿಕೊಂಡ ಮೇಲೆ ಮರಳಿ ಬಂದು, ಮಹಾದಂಡನಾಯಕನಾದನು. ಪಕ್ಷವನ್ನು ಬದಲಿಸಿದುದರಿಂದ ಅವನ ಕೀರ್ತಿಗೆ ಕುಂದು ಬರಲಿಲ್ಲ. ಮರಳಿ ಕರೆಯುವ ರಾಜ್ಯವೊಂದು ಅವನಿಗಿದ್ದಿತು. ಸೆರೆಯಿಂದ ಹೊರಬಿದ್ದ ಧೋಂಡಿಯನಿಗೆ ಅಂಥ ರಾಜ್ಯವಿರಲಿಲ್ಲ.

ಹೀಗೆಂದು ಧೋಂಡಿಯನನ್ನು ದೇಶಭಕ್ತನೆಂದು ಕೊಂಡಾಡುವುದೂ ಯುಕ್ತವಲ್ಲ. ಅವನ ದಂಡಿಗೆ ಮೇವನ್ನೂ ಹಣವನ್ನೂ ತೆತ್ತವರು ಬಿದನೂರು ಸೀಮೆಯ ರೈತರೇ. ಅವರ ಸಂಕಟವನ್ನು ಮರೆಸುವ ಚರಿತ್ರೆಯು ಚರಿತ್ರೆಯಲ್ಲ. ಅವನ ಮಾತುಗಳು ನಮಗೆ ದೊರೆಯುವುದು ಬಹುಮಟ್ಟಿಗೆ ಶತ್ರುಗಳ ಕಾಗದಗಳಲ್ಲಿಯೇ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು, ಅವನನ್ನು ಸ್ವಾಮಿಯಿಲ್ಲದ ದಳಪತಿಯೆಂದು ಕರೆಯುವುದೇ ಪ್ರಮಾಣಸಮ್ಮತವೆಂದು ತೋರುತ್ತದೆ.

ಕೋಣಗಲ್ಲಿನ ಪಾಳೆಯದ ಸಾಮಾನುಗಳ ನಡುವೆ ಧೋಂಡಿಯನ ಮಗನಾದ ಸಲಾಬತ್ ಖಾನನೆಂಬ ನಾಲ್ಕು ವರ್ಷದ ಶಿಶುವು ಸಿಕ್ಕಿತು. ವೆಲ್ಲೆಸ್ಲಿಯು ಅವನನ್ನು ಸಾಕಿಸಿ, ಹಿಂದುಸ್ಥಾನವನ್ನು ಬಿಡುವಾಗ ಅವನ ಪೋಷಣೆಗೆ ಹಣವನ್ನಿಟ್ಟು ಹೋದನು. ಬೆಳೆದ ಮೇಲೆ ಅವನು ಮೈಸೂರಿನ ಅರಸರ ಸೇವೆಗೆ ಸೇರಿ, 1822ರಲ್ಲಿ ವಾಂತಿಭೇದಿಯಿಂದ ತೀರಿಕೊಂಡನು. ತಂದೆಗೆ ದೊರೆಯದೆ ಹೋದ ಸ್ವಾಮಿಯು ಮಗನಿಗೆ ದೊರೆತನು.