ದೇವರಿಗೆ ಮುಖ ಬರೆದವರು

ದೊಡ್ಡಾಟದ ರಂಗದ ಮೇಲೆ ದೇವರೇ ಬಂದರೂ ಮೊದಲು ಸಾರಥಿಗೆ ತನ್ನ ಹೆಸರು ಹೇಳಬೇಕು. ತಲೆಯ ಮೇಲೆ ಕಿರೀಟ, ತೋಳಿಗೆ ಭುಜಕೀರ್ತಿ, ಮುಖದ ತುಂಬ ಬಣ್ಣ. ಹಿಂದೆ ಹಿಮ್ಮೇಳದ ಆರ್ಭಟ. ಇಷ್ಟೆಲ್ಲ ಇದ್ದರೂ ಸಾರಥಿ ಎಂಬ ಆ ಹಾಸ್ಯದ ಆಳು ಏನೂ ತಿಳಿಯದವನಂತೆ ಎದುರು ನಿಂತು, ತಾವು ಯಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳುತ್ತಾನೆ. ಮೂರು ಲೋಕಗಳನ್ನು ಆಳುವವನು ತನ್ನ ಬಿರುದು ಬಾವಲಿಗಳನ್ನು ಒಂದೊಂದಾಗಿ ಒಪ್ಪಿಸಬೇಕಾಗುತ್ತದೆ. ನೆರೆದ ಜನ ನಗುತ್ತಾರೆ. ಹಾಗೆ ನಕ್ಕವರೇ, ಆಟ ಶುರುವಾಗುವ ಮೊದಲು ಗಣಪತಿ ಸ್ತುತಿ ನಡೆದಾಗ ಕೈ ಮುಗಿದವರು. ಈ ಎರಡು ಕೆಲಸಗಳ ನಡುವೆ ಅವರಿಗೆ ಯಾವ ವಿರೋಧವೂ ಕಾಣುವುದಿಲ್ಲ.

ಇದಕ್ಕೆ ತೀರ ದೂರದ್ದೆಂದು ತೋರುವ ಇನ್ನೊಂದು ನೋಟವಿದೆ. ಭಾನುವಾರ ಬೆಳಿಗ್ಗೆ ಚರ್ಚಿನ ಪಕ್ಕದ ಕೋಣೆಯಲ್ಲಿ ಮಕ್ಕಳು ಚಾಪೆಯ ಮೇಲೆ ಕುಳಿತಿದ್ದಾರೆ. ಟೀಚರ್ ಬಣ್ಣದ ಚಿತ್ರವೊಂದನ್ನು ಎತ್ತಿ ಹಿಡಿದು ಕಥೆ ಹೇಳುತ್ತಾರೆ. ಚಿತ್ರದಲ್ಲಿ ಬಿಳಿ ನಿಲುವಂಗಿ ತೊಟ್ಟವನೊಬ್ಬ ಕುರಿಮರಿಯನ್ನು ಹೆಗಲ ಮೇಲೆ ಹೊತ್ತಿದ್ದಾನೆ. ಇಲ್ಲಿ ನಗೆಯಿಲ್ಲ, ಮಮತೆಯಿದೆ. ಆದರೆ ರಾತ್ರಿಯ ಸಾರಥಿಗೂ ಬೆಳಗಿನ ಟೀಚರಿಗೂ ಇರುವ ಕಷ್ಟ ಒಂದೇ: ಕಾಣದವನನ್ನು ಎದುರಿಗೆ ಕುಳಿತವರಿಗೆ ಕಾಣಿಸುವುದು ಹೇಗೆ?

ಈ ಪ್ರಶ್ನೆಯ ಚರಿತ್ರೆಯನ್ನು ಹುಡುಕಲು ನಾವು ರೋಮಿಗೋ ಜೆರುಸಲೇಮಿಗೋ ಹೋಗಬೇಕಾಗಿಲ್ಲ. ಅಫಜಲಪುರ ತಾಲ್ಲೂಕಿನ ಅತನೂರ, ಅತ್ತ ಆಳಂದ, ಭೀಮೆಯ ಆಚೆಗೆ ಜೇವರ್ಗಿ - ಈ ಸೀಮೆಯಲ್ಲಿ ನಿಂತು ಸುತ್ತ ಕಣ್ಣು ಹಾಯಿಸಿದರೆ ಸಾಕು. ಎರಡು ಸಾವಿರ ವರ್ಷಗಳಿಂದ ಈ ನದಿಯ ದಂಡೆಯ ಜನ ದೇವರನ್ನು ತೋರಿಸಿದ್ದಾರೆ. ಹಾಗೆಯೇ ತೋರಿಸಬಾರದೆಂದು ಹಟವನ್ನೂ ಹಿಡಿದಿದ್ದಾರೆ.

ಭೀಮೆಯ ಹರಿವಿನ ಜೊತೆ ಕೆಳಕ್ಕೆ ಹೋದರೆ ಸನ್ನತಿ ಸಿಗುತ್ತದೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಕಾ ಗುಡಿಯ ಮಾಡು ಕುಸಿದು ವಿಗ್ರಹ ಭಗ್ನವಾಯಿತು. ದೇವಿಯ ಪೀಠವಾಗಿದ್ದ ಕಲ್ಲನ್ನು ನೋಡಿದಾಗ ಅದು ಅಶೋಕನ ಶಾಸನದ ಬಂಡೆಯಾಗಿತ್ತು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನಡೆಸಿದ ಉತ್ಖನನದಲ್ಲಿ ದೊಡ್ಡ ಬೌದ್ಧ ಸ್ತೂಪವೇ ಬೆಳಕಿಗೆ ಬಂತು. ರಾಣಿಯೊಡನೆ ನಿಂತ ಅಶೋಕನ ಶಿಲ್ಪ, ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಕೊರೆದ ಅವನ ಹೆಸರು - ಇದರಿಂದ ಕನಗನಹಳ್ಳಿ ಲೋಕಪ್ರಸಿದ್ಧವಾಯಿತು. ನಮ್ಮ ಪ್ರಶ್ನೆಗೆ ಮುಖ್ಯವಾದುದು ಬೇರೆ ಫಲಕಗಳು. ಅಲ್ಲಿ ರಾಜನಿಗೆ ಮುಖವಿದೆ, ರಾಣಿಗೆ ಮುಖವಿದೆ. ಬುದ್ಧನಿರಬೇಕಾದ ಜಾಗದಲ್ಲಿ ಖಾಲಿ ಪೀಠ, ಬೋಧಿವೃಕ್ಷ, ಧರ್ಮಚಕ್ರ ಅಥವಾ ಎರಡು ಪಾದಗಳ ಗುರುತು. ಸುತ್ತ ನಿಂತವರು ಆ ಖಾಲಿ ಜಾಗಕ್ಕೇ ಕೈ ಮುಗಿದಿದ್ದಾರೆ. ಬುದ್ಧನನ್ನು ದೇವರೆನ್ನುವುದು ಆ ಧರ್ಮದ ಮೊದಲ ಮಾತಲ್ಲವಾದರೂ, ಪೂಜ್ಯನಾದವನನ್ನು ಕಾಣಿಸುವ ಕಷ್ಟ ಶಿಲ್ಪಿಗೆ ಒಂದೇ. ಮುಂದಿನ ಕಾಲದಲ್ಲಿ ಅದೇ ಸ್ತೂಪಕ್ಕೆ ಬುದ್ಧನ ವಿಗ್ರಹಗಳೂ ಬಂದವು. ಖಾಲಿ ಪೀಠವೂ ತುಂಬಿದ ವಿಗ್ರಹವೂ ಒಂದೇ ಅಂಗಳದಲ್ಲಿ ಉಳಿದವು.

ಪಾದದ ಗುರುತು ಈ ಸೀಮೆಯನ್ನು ಬಿಟ್ಟು ಹೋಗಲಿಲ್ಲ. ಅಫಜಲಪುರ ತಾಲ್ಲೂಕಿನದೇ ಆದ ದೇವಲ ಗಾಣಗಾಪುರಕ್ಕೆ ಕರ್ನಾಟಕ, ಮಹಾರಾಷ್ಟ್ರಗಳಿಂದ ಜನ ಬರುವುದು ಪಾದುಕೆಗಳ ದರ್ಶನಕ್ಕೆ. ದತ್ತಾತ್ರೇಯನ ಅವತಾರವೆಂದು ಭಕ್ತರು ನಂಬುವ ನರಸಿಂಹ ಸರಸ್ವತಿಗಳು ಹದಿನೈದನೆಯ ಶತಮಾನದಲ್ಲಿ ಭೀಮಾ-ಅಮರಜಾ ಸಂಗಮದ ಈ ಊರಲ್ಲಿ ಬಹುಕಾಲ ನೆಲೆಸಿದ್ದರು. ಹೊರಡುವಾಗ ಬಿಟ್ಟುಹೋದದ್ದು ಪಾದುಕೆಗಳನ್ನು ಎಂಬುದು ನಂಬಿಕೆ. ಅವುಗಳ ಹೆಸರೇ ನಿರ್ಗುಣ ಪಾದುಕೆ. ಭಕ್ತರು ಸಣ್ಣ ಕಿಂಡಿಯ ಮೂಲಕ ಅವನ್ನು ನೋಡುತ್ತಾರೆ. ಇನ್ನೊಂದು ನಂಬಿಕೆ ಇದಕ್ಕಿಂತ ದೊಡ್ಡದು: ದತ್ತನು ದಿನವೂ ಮಧ್ಯಾಹ್ನ ಯಾವುದೋ ವೇಷದಲ್ಲಿ ಈ ಊರಿಗೆ ಭಿಕ್ಷೆಗೆ ಬರುತ್ತಾನೆ. ಯಾವ ವೇಷವೆಂದು ಯಾರಿಗೂ ಗೊತ್ತಿಲ್ಲ. ಹೀಗಾಗಿ ಎದುರು ಬಂದ ಯಾವ ಭಿಕ್ಷುಕನನ್ನೂ ಅಲ್ಲಗಳೆಯುವಂತಿಲ್ಲ. ಮೂರು ಮುಖದ ದೇವರಿಗೆ ಇಲ್ಲಿ ಯಾರ ಮುಖವಾದರೂ ಇರಬಹುದು.

ಹನ್ನೆರಡನೆಯ ಶತಮಾನದ ಶರಣರು ಈ ವಾದವನ್ನು ಇನ್ನೂ ಬಿಗಿಯಾಗಿ ಹಿಡಿದರು. ಗುಡಿಯ ಸ್ಥಾವರವನ್ನು ಬಿಟ್ಟು, ಕಣ್ಣು ಮೂಗುಗಳಿಲ್ಲದ ಇಷ್ಟಲಿಂಗವನ್ನು ಅಂಗೈಗೆ ತಂದರು. ಮನೆಗೆ ಬಂದ ಜಂಗಮನಲ್ಲಿ ಶಿವನನ್ನು ಕಂಡರು. ಸುಮಾರು 1400ರಲ್ಲಿ ಕಲಬುರಗಿಗೆ ಬಂದು 1422ರಲ್ಲಿ ಅಲ್ಲಿಯೇ ತೀರಿಕೊಂಡ ಖ್ವಾಜಾ ಬಂದೇನವಾಜರ ಧರ್ಮದಲ್ಲಂತೂ ದೇವರಿಗೆ ರೂಪ ಕೊಡುವುದೇ ನಿಷಿದ್ಧ. ಆದರೆ ಮೊಹರಮ್ಮಿನ ದಿನಗಳಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೋಗಿ ನೋಡಿ. ಕರ್ಬಲಾದ ಹುತಾತ್ಮರ ನೆನಪಿಗೆ ಎತ್ತುವ ಹಸ್ತದಾಕಾರದ ಪಂಜಾಗಳನ್ನು ಜನ ಕರೆಯುವುದು ಅಲಾಯಿ ದೇವರು ಎಂದು. ಹಿಂದೂಗಳೂ ಮುಸಲ್ಮಾನರೂ ಕೂಡಿ ಹೆಜ್ಜೆ ಹಾಕುತ್ತಾರೆ, ಪದ ಹೇಳುತ್ತಾರೆ. ಶಾಸ್ತ್ರ ಬೇಡವೆಂದ ಕಡೆಯೂ ಕನ್ನಡದ ‘ದೇವರು’ ಎಂಬ ಮಾತು ಒಂದು ಕೈಯ ಆಕಾರವನ್ನು ಹುಡುಕಿಕೊಂಡಿದೆ.

ಪಾದ, ಪೀಠ, ಲಿಂಗ, ಹಸ್ತ: ಇವೆಲ್ಲ ದೇವರ ಪೂರ್ತಿ ಮುಖವನ್ನು ತೋರಿಸದೆ ಅವನನ್ನು ಹತ್ತಿರ ತರುವ ಉಪಾಯಗಳು. ರಂಗಭೂಮಿಗೆ ಈ ಉಪಾಯ ಸಾಲದು. ಅಲ್ಲಿ ಮುಖ ಬೇಕು, ಮಾತು ಬೇಕು. ಬಣ್ಣ ಹಚ್ಚಿದವನು ನಮ್ಮ ಓಣಿಯವನೇ ಎಂದು ನೋಡುವವರಿಗೆಲ್ಲ ಗೊತ್ತು. ಈ ಇಕ್ಕಟ್ಟಿನಿಂದ ಪಾರಾಗಲು ರಂಗ ಕಂಡುಕೊಂಡ ದಾರಿ ಹಾಸ್ಯ.

ಗೋಕಾಕ, ಬಾಗಲಕೋಟೆ ಕಡೆಯಿಂದ ಉತ್ತರ ಕರ್ನಾಟಕದಲ್ಲೆಲ್ಲ ಹರಡಿದ ಶ್ರೀಕೃಷ್ಣ ಪಾರಿಜಾತವನ್ನು ನೋಡಬಹುದು. ಅಪರಾಳ ತಮ್ಮಣ್ಣ ಬರೆದು, ಕುಲಗೋಡ ತಮ್ಮಣ್ಣ ಬೆಳೆಸಿ, ಕೌಜಲಗಿ ನಿಂಗಮ್ಮನಂಥ ಕಲಾವಿದೆ ಮನೆಮಾತಾಗಿಸಿದ ಆಟವಿದು. ನಾರದ ತಂದ ಒಂದು ಪಾರಿಜಾತದ ಹೂವು ರುಕ್ಮಿಣಿಯ ಪಾಲಾಗುತ್ತದೆ, ಸತ್ಯಭಾಮೆ ಮುನಿಯುತ್ತಾಳೆ. ಜಗತ್ತನ್ನು ಆಡಿಸುವ ಕೃಷ್ಣ ಇಬ್ಬರು ಹೆಂಡಿರ ನಡುವೆ ಸಿಕ್ಕು ಒದ್ದಾಡುತ್ತಾನೆ. ಭಾಗವತನೂ ದೂತಿಯೂ ಅವನನ್ನು ಬಿಡದೆ ಕೆಣಕುತ್ತಾರೆ. ದೇವರು ಚಿಕ್ಕವನಾದನೆಂದು ಇಲ್ಲಿ ಯಾರೂ ಬಗೆಯುವುದಿಲ್ಲ. ತಮ್ಮ ಮನೆಯ ಜಗಳ ದೇವರ ಮನೆಯಲ್ಲೂ ಇದೆಯೆಂದು ಕಂಡು ಹಗುರಾಗುತ್ತಾರೆ. ಹರಿದಾಸರ ನಿಂದಾಸ್ತುತಿಯ ಗುಟ್ಟೂ ಇದೇ. ಬೈಯುವಂತೆ ಹಾಡಿ ಹೊಗಳುವುದು ಸಲಿಗೆಯಿದ್ದವರಿಗೆ ಮಾತ್ರ ಸಾಧ್ಯ. ಕನ್ನಡದಲ್ಲಿ ಗೌಡರಿಗೆ ‘ನೀವು’ ಎನ್ನುವವನು ದೇವರಿಗೆ ‘ನೀನು’ ಎನ್ನುತ್ತಾನಲ್ಲವೆ?

ಹೊಸ ನಾಟಕಕಾರರೂ ಈ ಸಲಿಗೆಯನ್ನು ಬಳಸಿಕೊಂಡರು. ಗಿರೀಶ ಕಾರ್ನಾಡರ ‘ಹಯವದನ’ (1971) ಗಣಪತಿಯ ಪೂಜೆಯಿಂದಲೇ ಆರಂಭವಾಗುತ್ತದೆ. ಆನೆಯ ತಲೆ, ಮುರಿದ ದಂತ, ಡೊಳ್ಳುಹೊಟ್ಟೆಯ ಈ ಅಪೂರ್ಣ ರೂಪವೇ ಹೇಗೆ ಪೂರ್ಣತೆಯ ದೇವರಾಯಿತು ಎಂದು ಭಾಗವತ ಬೆರಗಾಗುತ್ತಾನೆ. ಮುಂದೆ ಇಬ್ಬರು ಗೆಳೆಯರು ತಲೆ ಕಡಿದುಕೊಂಡ ಮೇಲೆ ಪ್ರತ್ಯಕ್ಷಳಾಗುವ ಕಾಳಿ ಆಕಳಿಸುತ್ತ, ನಿದ್ದೆಗೆಟ್ಟ ಸಿಡುಕಿನಲ್ಲಿ ವರ ಕೊಡುತ್ತಾಳೆ. ಪ್ರೇಕ್ಷಕರು ನಗುತ್ತಾರೆ, ನಾಟಕದ ಮುಖ್ಯ ಪ್ರಶ್ನೆ, ಮನುಷ್ಯ ಪೂರ್ಣನಾಗುವುದು ಹೇಗೆ ಎಂಬುದು, ಆ ನಗೆಯ ಹಿಂದೆಯೇ ಬರುತ್ತದೆ.

ದೇವರ ಹಬ್ಬದಲ್ಲೇ ದೇವರನ್ನು ನಗೆಗೆ ಒಡ್ಡುವುದು ನಮ್ಮಲ್ಲಿ ಮಾತ್ರ ಇದ್ದ ರೂಢಿಯಲ್ಲ. ಕ್ರಿಸ್ತಪೂರ್ವ 405ರಲ್ಲಿ ಅಥೆನ್ಸಿನಲ್ಲಿ ಅರಿಸ್ಟೊಫನೀಸನ ‘ಕಪ್ಪೆಗಳು’ ನಾಟಕ ಪ್ರದರ್ಶನವಾದದ್ದು ಡಯೊನೈಸಸ್ ದೇವರ ಉತ್ಸವದಲ್ಲಿ. ಅದರ ಪುಕ್ಕಲ ನಾಯಕ ಅದೇ ಡಯೊನೈಸಸ್. ಮಧ್ಯಯುಗದ ಇಂಗ್ಲೆಂಡಿನ ಊರುಗಳಲ್ಲಿ ಕುಶಲಕರ್ಮಿಗಳ ಸಂಘಗಳು ಬೈಬಲಿನ ಕಥೆಗಳನ್ನು ಬೀದಿಯಲ್ಲಿ ಆಡುತ್ತಿದ್ದವು. ದೇವರ ಪಾತ್ರಧಾರಿಯ ಮುಖಕ್ಕೆ ಚಿನ್ನದ ಬಣ್ಣ. ಅದೇ ಆಟದಲ್ಲಿ ಹಡಗು ಹತ್ತಲು ಒಲ್ಲೆನೆಂದು ಗಂಡನೊಡನೆ ಜಗಳಕ್ಕೆ ನಿಲ್ಲುವ ನೋಹನ ಹೆಂಡತಿ! ಪ್ರಾಟೆಸ್ಟಂಟ್ ಸುಧಾರಣೆಯ ಬಳಿಕ ಈ ಆಟಗಳು ನಿಂತವು. ಬ್ರಿಟನ್ನಿನಲ್ಲಿ ದೇವರನ್ನೂ ಕ್ರಿಸ್ತನನ್ನೂ ರಂಗಕ್ಕೆ ತರಲು ಅಡ್ಡಿಯಾಗಿದ್ದ ನಾಟಕ ಸೆನ್ಸಾರ್ ವ್ಯವಸ್ಥೆ ರದ್ದಾದದ್ದು 1968ರಲ್ಲಿ.

ಕನ್ನಡ ನಾಡಿಗೆ ಬಂದ ಮಿಷನರಿಗಳಲ್ಲಿ ಅನೇಕರು ಈ ಪ್ರಾಟೆಸ್ಟಂಟ್ ಪರಂಪರೆಯವರು. ವಿಗ್ರಹ ಮಾಡಕೂಡದೆಂಬ ಆಜ್ಞೆ ಅವರಿಗೆ ಕಟ್ಟುನಿಟ್ಟು. ಅವರ ಸಾಧನ ಚಿತ್ರವಲ್ಲ, ಮಾತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದಾಗಿತ್ತು. 1834ರಲ್ಲಿ ಮಂಗಳೂರಿಗೆ ಬಾಸೆಲ್ ಮಿಷನ್ ಬಂತು. ಅದರ ಫರ್ಡಿನಂಡ್ ಕಿಟ್ಟೆಲ್, ನಿಘಂಟಿಗೆ ಬಹಳ ಮುಂಚೆಯೇ, 1862ರಲ್ಲಿ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಿದ. ಮಂಗಳೂರಿನಲ್ಲೇ ಕಥೋಲಿಕರ ದಾರಿ ಬೇರೆ: ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿನ ಗೋಡೆ, ಮಾಡುಗಳನ್ನೆಲ್ಲ ಇಟಲಿಯ ಅಂಟೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಚಿತ್ರಗಳಿಂದ ತುಂಬಿದ. ಬೀದರ, ಕಲಬುರಗಿ ಕಡೆ ಕೆಲಸ ಮಾಡಿದ್ದು ಮೆಥೊಡಿಸ್ಟ್ ಸಭೆ.

ಮಾತನ್ನೇ ನಂಬಿದವರೂ ಮಕ್ಕಳ ಮುಂದೆ ಕುಳಿತಾಗ ಚಿತ್ರಕ್ಕೆ ಸೋತರು. ‘ದೇವರು ಆತ್ಮ, ಕಣ್ಣಿಗೆ ಕಾಣುವುದಿಲ್ಲ’ ಎಂದರೆ ಆರು ವರ್ಷದ ಹುಡುಗಿಗೆ ಏನು ತಿಳಿದೀತು? ಹೀಗಾಗಿ ತಂದೆಯಾದ ದೇವರನ್ನು ಬರೆಯದೆ, ಅವನು ಮಾಡಿದ ಸೂರ್ಯ, ಮೀನು, ಹಕ್ಕಿಗಳನ್ನು ತೋರಿಸಿದರು. ಮನುಷ್ಯನಾಗಿ ಹುಟ್ಟಿದ ಯೇಸುವನ್ನು ಬರೆಯಲು ಅಡ್ಡಿಯಿರಲಿಲ್ಲ. ಅವನ ಮುಖವೇ ಮಕ್ಕಳಿಗೆ ದೇವರ ಮುಖವಾಯಿತು. ಕುರುಬನ ಕಥೆಯನ್ನಂತೂ ಈ ಸೀಮೆಯಲ್ಲಿ ವಿವರಿಸಬೇಕಾಗಿಯೇ ಇಲ್ಲ. ಬೀರಪ್ಪನ ಡೊಳ್ಳಿನ ಪದ ಕೇಳಿ ಬೆಳೆದ, ಹೆಗಲಿಗೆ ಕಂಬಳಿ ಹಾಕಿ ಕುರಿಹಿಂಡಿನೊಡನೆ ಊರೂರು ಅಲೆಯುವವರನ್ನು ದಿನವೂ ನೋಡುವ ಮಕ್ಕಳಿಗೆ, ತಪ್ಪಿಸಿಕೊಂಡ ಒಂದು ಕುರಿಗಾಗಿ ರಾತ್ರಿ ಹುಡುಕುವವನೆಂದರೆ ಯಾರೆಂದು ಗೊತ್ತು. ಆದರೆ ಚಿತ್ರದ ಕುರುಬನಿಗೆ ಕಂಬಳಿಯಿಲ್ಲ. ಅವನಿಗೆ ಯುರೋಪಿನವನ ಬಣ್ಣ, ಅಲೆಅಲೆಯಾದ ಕೂದಲು. ಮಾತು ಇಲ್ಲಿಯದಾಯಿತು, ಮುಖ ಅಲ್ಲಿಯದಾಗಿ ಉಳಿಯಿತು. 1940ರಲ್ಲಿ ಶಿಕಾಗೋದ ವಾರ್ನರ್ ಸಾಲ್ಮನ್ ಬರೆದ ಯೇಸುವಿನ ಚಿತ್ರ ಕೋಟಿಗಟ್ಟಲೆ ಅಚ್ಚಾಗಿ ಲೋಕದ ಮೂಲೆಮೂಲೆಗೆ ಹೋಯಿತು.

ಇದನ್ನು ನೋಡಿ ಉಳಿದವರು ನಗುವಂತಿಲ್ಲ. 1894ರಲ್ಲಿ ಮುಂಬಯಿಯಲ್ಲಿ ರಾಜಾ ರವಿವರ್ಮನ ಅಚ್ಚುಕೂಟ ಶುರುವಾದ ಮೇಲೆ ನಮ್ಮ ಲಕ್ಷ್ಮಿ, ಸರಸ್ವತಿಯರಿಗೂ ಒಂದೇ ಮುಖ, ಒಂದೇ ಸೀರೆಯ ನೆರಿಗೆ ಗಟ್ಟಿಯಾಯಿತು. ಕ್ಯಾಲೆಂಡರು ಮನೆಮನೆಗೆ ಬಂದು, ಊರೂರಿಗೆ ಬೇರೆಯಾಗಿದ್ದ ದೇವತೆಗಳ ಚಹರೆಯನ್ನು ಒಂದೇ ಅಚ್ಚಿಗೆ ಸುರಿಯಿತು.

ಹಾಸ್ಯ ಮತ್ತು ಮಕ್ಕಳ ಪಾಠ ಒಂದೇ ಕಡೆ ಕೂಡಿದ ಪ್ರಸಿದ್ಧ ಉದಾಹರಣೆ ಅಮೆರಿಕದ್ದು. 1930ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡ ಮಾರ್ಕ್ ಕಾನಲಿಯ ‘ಹಸಿರು ಹುಲ್ಲುಗಾವಲು’ ನಾಟಕ ಕಪ್ಪು ಜನರ ಒಂದು ಭಾನುವಾರದ ಶಾಲೆಯಲ್ಲಿ ಆರಂಭವಾಗುತ್ತದೆ. ದೇವರು ಹೇಗಿದ್ದ ಎಂಬ ಪ್ರಶ್ನೆಗೆ ಮುದುಕ ಬೋಧಕ, ತಾನು ಹುಡುಗನಾಗಿದ್ದಾಗ ಅವನನ್ನು ತನ್ನೂರಿನ ಪಾದ್ರಿಯಂತೆ ಭಾವಿಸಿದ್ದೆನೆನ್ನುತ್ತಾನೆ. ಮುಂದೆ ರಂಗಕ್ಕೆ ಬರುವ ದೇವರು ಹಾಗೆಯೇ ಇದ್ದಾನೆ: ಕಪ್ಪು ಮೈಬಣ್ಣ, ಪಾದ್ರಿಯ ಕೋಟು, ಸ್ವರ್ಗದಲ್ಲಿ ಮೀನಿನ ಔತಣ. ರಿಚರ್ಡ್ ಹ್ಯಾರಿಸನ್ ಆ ಪಾತ್ರದಿಂದ ಹೆಸರಾದ. ನಾಟಕಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಬ್ರಿಟನ್ನಿನಲ್ಲಿ ಸೆನ್ಸಾರು ಅನುಮತಿ ಕೊಡಲಿಲ್ಲ. ಬಿಳಿಯನೊಬ್ಬ ಕಪ್ಪು ಜನರ ಭಕ್ತಿಯನ್ನು ಮುಗ್ಧತೆಯೆಂದು ಚಿತ್ರಿಸಿದ್ದಾನೆಂಬ ಆಕ್ಷೇಪವೂ ಬಂತು, ಅದರಲ್ಲಿ ಹುರುಳಿದೆ. ನಗಿಸುವವನು ಒಳಗಿನವನೋ ಹೊರಗಿನವನೋ ಎಂಬುದು ಯಾವಾಗಲೂ ಮುಖ್ಯವಾದ ಪ್ರಶ್ನೆ.

ನಮ್ಮಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಧಾರ್ಮಿಕ ಭಾವನೆಗಳನ್ನು ಕೆರಳಿಸುವುದರ ವಿರುದ್ಧ ಭಾರತೀಯ ದಂಡ ಸಂಹಿತೆಗೆ 295ಎ ಕಲಮು ಸೇರಿದ್ದು 1927ರಲ್ಲಿ. 2024ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮು. ಬೇಕೆಂದೇ, ದ್ವೇಷಬುದ್ಧಿಯಿಂದ ಮಾಡಿದ ಅವಮಾನ ಮಾತ್ರ ಅಪರಾಧವೆಂದು ಸುಪ್ರೀಂ ಕೋರ್ಟು 1957ರಲ್ಲೇ ಹೇಳಿತು. ಆದರೂ 1990ರ ದಶಕದಲ್ಲಿ ಬಸವಣ್ಣನನ್ನು ಕುರಿತ ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ ನಾಟಕದ ಸುತ್ತ ಎದ್ದ ಗದ್ದಲವನ್ನು ಕನ್ನಡಿಗರು ಮರೆತಿಲ್ಲ. ಗುಡಿಯ ಕಲ್ಲನ್ನೇ ಪ್ರಶ್ನಿಸಿದವನನ್ನು ಪ್ರಶ್ನೆಗೆ ಸಿಗದ ವಿಗ್ರಹವಾಗಿ ಮಾಡುವುದು ಚರಿತ್ರೆಯ ವಿಪರ್ಯಾಸಗಳಲ್ಲಿ ಒಂದು.

ಖಾಲಿ ಪೀಠ ಕೊರೆದ ಶಿಲ್ಪಿ, ದೇವರ ಹೆಸರು ಕೇಳುವ ಸಾರಥಿ, ಅಂಗೈಯಲ್ಲಿ ಲಿಂಗ ಹಿಡಿದ ಶರಣ - ಇವರು ಮೇಲುನೋಟಕ್ಕೆ ಬೇರೆ ಬೇರೆ. ಮಾಡಿದ ಕೆಲಸ ಮಾತ್ರ ಒಂದೇ: ನಾವು ಬರೆದ ಮುಖವೇ ದೇವರು ಎಂಬ ಭ್ರಮೆ ಗಟ್ಟಿಯಾಗದಂತೆ ಕಾದದ್ದು. ಭಕ್ತಿಗೆ ಚಿತ್ರ ಬೇಕು, ಮಕ್ಕಳಿಗಂತೂ ಬೇಕೇ ಬೇಕು. ಆದರೆ ನಗು ನಿಂತ ಕಡೆ ಚಿತ್ರವು ಕಾವಲುಗಾರರನ್ನು ಕೇಳತೊಡಗುತ್ತದೆ. ಗಾಣಗಾಪುರದ ಮಧ್ಯಾಹ್ನದ ನಂಬಿಕೆಯನ್ನೇ ಮಕ್ಕಳಿಗೆ ಕಲಿಸಬಹುದು. ಹಸಿದವನಿಗೆ ಉಣಿಸಿದ್ದು ತನಗೇ ಉಣಿಸಿದಂತೆ ಎಂದು ಯೇಸುವೂ ಹೇಳಿದನೆಂಬುದು ಭಾನುವಾರದ ಪಾಠದಲ್ಲಿ ಇದ್ದೇ ಇದೆ. ಬಾಗಿಲಿಗೆ ಬಂದವನ ಮುಖ ಗೋಡೆಯ ಮೇಲಿನ ಪಟದಂತೆ ಇಲ್ಲದಿದ್ದರೂ, ಬುತ್ತಿ ಬಿಚ್ಚುವುದಕ್ಕೆ ಅಷ್ಟು ಸಾಕು.