ಉದ್ರಿಕ್ತ ಪರಮಾಣುಬೀಜಗಳೂ ಗಾಮಾ ಕಿರಣಗಳ ಸಂಖ್ಯಾನಿಯಮವೂ

ಉದ್ರಿಕ್ತವಾದ ಪರಮಾಣುಬೀಜವು ತನ್ನಲ್ಲಿ ಹೆಚ್ಚಾದ ಶಕ್ತಿಯನ್ನು ಗಾಮಾ ಕಿರಣಗಳ ರೂಪದಲ್ಲಿ ಹೊರಸೂಸಿ ಸ್ವಸ್ಥಿತಿಗೆ ಬರುವುದೆಂಬುದು ಸುವಿದಿತವಾದ ವಿಷಯ. ಆದರೆ ಅದು ಯಾವ ಕ್ಷಣದಲ್ಲಿ, ಯಾವ ಸೋಪಾನದಿಂದ ಯಾವ ಸೋಪಾನಕ್ಕೆ ಇಳಿಯುವುದೆಂದು ಮುಂದಾಗಿ ಹೇಳುವುದು ಶಕ್ಯವಲ್ಲ. ಬೀಜಗಳ ಸಮೂಹಕ್ಕೆ ಮಾತ್ರ ನಿಯಮವುಂಟು. ಹೀಗಿರಲು, ಇದು ನಿಯಮವೋ, ಅಂಕಿಗಳಿಂದ ಮುಚ್ಚಿದ ಅಜ್ಞಾನವೋ ಎಂಬ ಆಕ್ಷೇಪವು ಏಳುವುದು. ಈ ವಿಚಾರದ ಇತಿಹಾಸವನ್ನೂ ಅದರಲ್ಲಿ ಕನ್ನಡಿಗರ ಪಾಲನ್ನೂ ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವೆನು.

ಸಮೂಹವನ್ನು ಅಂಶದಿಂದ ಅಳೆಯುವ ವಿದ್ಯೆ ನಮ್ಮ ಪೂರ್ವಿಕರಿಗೆ ಅಪರಿಚಿತವಲ್ಲ. ವನಪರ್ವದ ನಳೋಪಾಖ್ಯಾನದಲ್ಲಿ ಋತುಪರ್ಣನು ತಾರೆಯ ಮರದ ಎಲೆ ಹಣ್ಣುಗಳ ಸಂಖ್ಯೆಯನ್ನು ನೋಡಿದ ಮಾತ್ರಕ್ಕೆ ಹೇಳಿದನು. ನಳನು ಎಣಿಸಿ ನೋಡಿ ಬೆರಗಾಗಿ, ಅವನಿಂದಲೇ ಅಕ್ಷಹೃದಯವನ್ನು ಪಡೆದನು. ಗಣನೆಗೂ ದ್ಯೂತಕ್ಕೂ ಇರುವ ನಂಟನ್ನು ಕವಿ ಅರಿತಿದ್ದನೆಂದು ಇದರಿಂದ ಊಹಿಸಬಹುದು. ಆದರೆ ಪರಮಾಣುಶಾಸ್ತ್ರವೇ ಪುರಾಣದಲ್ಲಿ ಅಡಗಿತ್ತೆಂದು ಸಾಧಿಸಹೊರಡುವುದು ಪಾಂಡಿತ್ಯವಲ್ಲ.

ಗಾಮಾ ಕಿರಣಗಳನ್ನು 1900ರಲ್ಲಿ ಫ್ರಾನ್ಸಿನ ವಿಲಾರನು ಕಂಡನು. 1903ರಲ್ಲಿ ರುದರ್‌ಫರ್ಡನು ಅವಕ್ಕೆ ಆ ಹೆಸರನ್ನಿಟ್ಟನು. 1936ರಲ್ಲಿ ನೀಲ್ಸ್ ಬೋರನು ಹೊಸ ಕಲ್ಪನೆಯೊಂದನ್ನು ಮುಂದಿಟ್ಟನು: ಬೀಜದೊಳಗೆ ಹೊಕ್ಕ ನ್ಯೂಟ್ರಾನಿನ ಶಕ್ತಿಯು ಅಲ್ಲಿನ ಕಣಗಳೆಲ್ಲಕ್ಕೂ ಹಂಚಿಹೋಗಿ, ಬೀಜವು ತಾನು ಹುಟ್ಟಿದ ಬಗೆಯನ್ನೇ ಮರೆತುಬಿಡುವುದು. ಶಕ್ತಿಯು ಏರಿದಂತೆ ಸೋಪಾನಗಳು ಅತಿವೇಗದಿಂದ ದಟ್ಟವಾಗುವುವೆಂದು ಅದೇ ವರ್ಷ ಬೇಥೆಯು ಗಣಿಸಿ ತೋರಿಸಿದನು. ಅವುಗಳನ್ನು ಒಂದೊಂದಾಗಿ ವರ್ಣಿಸುವುದು ಅಸಾಧ್ಯವಾದ ಕಡೆಯಲ್ಲಿ ಸಂಖ್ಯಾನಿಯಮವು ಪ್ರವೇಶಿಸಿತು.

1956ರಲ್ಲಿ ಪೋರ್ಟರ್, ಥಾಮಸ್ ಎಂಬಿಬ್ಬರು ಸೋಪಾನಾಂತರಗಳ ಬಲವು ಸರಾಸರಿಯ ಸುತ್ತ ಹೇಗೆ ಹಂಚಿರುವುದೆಂದು ನಿರ್ಣಯಿಸಿದರು: ದುರ್ಬಲವಾದವು ಬಹಳ, ಪ್ರಬಲವಾದವು ಕೆಲವೇ. ಹಾಗಿದ್ದರೂ ಭಾರವಾದ ಬೀಜಗಳಲ್ಲಿ ಗಾಮಾ ವಿಸರ್ಜನೆಯ ಒಟ್ಟು ಪ್ರಮಾಣವು, ಅಕ್ಕಪಕ್ಕದ ಸೋಪಾನಗಳಲ್ಲಿ ಹೆಚ್ಚಾಗಿ ವ್ಯತ್ಯಾಸಗೊಳ್ಳದು. ಅದು ಅನೇಕ ಅಂತರಗಳ ಮೊತ್ತವಾದುದೇ ಇದಕ್ಕೆ ಕಾರಣ. ನಮ್ಮ ಕೊಡಗಿನ ಬೆಟ್ಟಗಳಿಂದಿಳಿಯುವ ಒಂದೊಂದು ತೊರೆಯ ಹೆಚ್ಚುಕಡಮೆಯು ಕಾವೇರಿಯ ಒಟ್ಟು ಹರಿವಿನಲ್ಲಿ ಕರಗುವಂತೆ ಇದನ್ನು ತಿಳಿಯಬಹುದು.

ಈ ಮಾರ್ಗದಲ್ಲಿ ನಡೆದ ಕನ್ನಡಿಗರಲ್ಲಿ ಪ್ರಮುಖರು ತುಮಕೂರಿನಲ್ಲಿ 1925ರಲ್ಲಿ ಜನಿಸಿದ ರಾಜಾ ರಾಮಣ್ಣನವರು. 1956ರ ಆಗಸ್ಟಿನಲ್ಲಿ ಟ್ರಾಂಬೆಯ ಅಪ್ಸರಾ ಕ್ರಿಯಾಕಾರಿಯು ನಡೆಯತೊಡಗಿದ ಮೇಲೆ, ಯುರೇನಿಯಂ ಬೀಜವು ಒಡೆದಾಗ ಹೊರಡುವ ನ್ಯೂಟ್ರಾನುಗಳನ್ನೂ ಗಾಮಾ ಕಿರಣಗಳನ್ನೂ ಅವರೂ ಅವರ ಸಹೋದ್ಯೋಗಿಗಳೂ ಪರೀಕ್ಷಿಸಿದರು. ಒಡೆದ ತುಂಡುಗಳು ಮೊದಲು ನ್ಯೂಟ್ರಾನುಗಳನ್ನು ಬಿಟ್ಟು, ಉಳಿದ ಶಕ್ತಿಯನ್ನು ಗಾಮಾ ರೂಪದಲ್ಲಿ ಕಳೆದುಕೊಳ್ಳುವುವು. ಒಂದು ವಿದಳನಕ್ಕೆ ಸರಾಸರಿಯಲ್ಲಿ ಸುಮಾರು 2.4 ನ್ಯೂಟ್ರಾನುಗಳೂ 7–8 ಗಾಮಾ ಕಿರಣಗಳೂ ಹೊರಡುವುವು. ಬೀಜವು ಅಸಮಭಾಗಗಳಾಗಿ ಒಡೆಯುವುದನ್ನೂ ರಾಮಣ್ಣನವರು ಸಂಭಾವ್ಯತೆಯ ಮಾರ್ಗದಿಂದಲೇ ವಿವರಿಸಲು ಯತ್ನಿಸಿದರು.

ಈಗ ಆಕ್ಷೇಪಕ್ಕೆ ಸಮಾಧಾನ. ಇಲ್ಲಿ ಎರಡು ಬಗೆಯ ಅನಿಯತತ್ವವುಂಟು, ಇವನ್ನು ಬೆರೆಸಲಾಗದು. ವಿಸರ್ಜನೆಯ ಕ್ಷಣವು ಅನಿಯತವಾದುದು ಕ್ವಾಂಟಂ ಸಿದ್ಧಾಂತದಂತೆ ವಸ್ತುಸ್ವಭಾವವೇ ಹೊರತು ನಮ್ಮ ಅಜ್ಞಾನವಲ್ಲ. ಸೋಪಾನಾಂತರಗಳ ಬಲವಾದರೋ ತತ್ತ್ವತಃ ನಿಶ್ಚಿತವಾದುದು. ರಚನೆಯ ಜಟಿಲತೆಯಿಂದ ಮಾತ್ರ ನಮಗೆ ಅಗೋಚರ. ಇಲ್ಲಿ ಅಜ್ಞಾನವುಂಟೆಂದು ಒಪ್ಪಿದರೂ, ಹಂಚಿಕೆಯ ರೂಪವನ್ನು ಮುಂದಾಗಿ ಹೇಳಿ ಪ್ರಯೋಗದಿಂದ ಪರೀಕ್ಷಿಸಬಹುದಾದುದರಿಂದ ಅದು ನಿಯಮವೇ ಸರಿ. ಅದಕ್ಕೆ ಎಲ್ಲೆಯೂ ಉಂಟು: ಸೋಪಾನಗಳು ವಿರಳವಾದ ಕೆಳಭಾಗದಲ್ಲಿ ಪ್ರತಿಯೊಂದನ್ನೂ ಬೇರೆಬೇರೆಯಾಗಿಯೇ ವಿಚಾರಿಸಬೇಕು. ತನ್ನ ಎಲ್ಲೆಯನ್ನು ತಾನೇ ಹೇಳುವ ನಿಯಮವು ಅಜ್ಞಾನದ ಹೊದಿಕೆಯಾಗಲಾರದೆಂಬುದನ್ನು ವಿದ್ವಾಂಸರು ಪರಿಶೀಲಿಸಬೇಕೆಂದು ಪ್ರಾರ್ಥಿಸುವೆನು.