ವೇಲ್ಸಿನ ಬೆಟ್ಟಗಳಿಗೆ ಬೆಳಕಿನ ಅಳತೆಗೋಲು

ಗುಡ್ಡ ಯಾವುದು, ಬೆಟ್ಟ ಯಾವುದು ಎಂದು ನಮ್ಮ ಹಳ್ಳಿಯ ಹಿರಿಯರನ್ನು ಕೇಳಿದರೆ ಕಣ್ಣಳತೆಯಲ್ಲೇ ಹೇಳಿಬಿಡುತ್ತಾರೆ. ವೇಲ್ಸ್ ನಾಡಿನಲ್ಲಿ ಈ ಪ್ರಶ್ನೆಗೆ ಅಡಿ-ಅಂಗುಲಗಳ ಲೆಕ್ಕವೇ ಬೇಕು. ೨,೦೦೦ ಅಡಿ, ಎಂದರೆ ೬೦೯.೬ ಮೀಟರು ಮುಟ್ಟಿದರೆ ಬೆಟ್ಟ, ಮುಟ್ಟದಿದ್ದರೆ ಗುಡ್ಡ. ಇದು ಸರ್ಕಾರದ ಶಾಸನವಲ್ಲ, ಬೆಟ್ಟ ಹತ್ತುವವರು ನಡೆಸಿಕೊಂಡು ಬಂದ ರೂಢಿ. ಆದರೂ ಈ ರೂಢಿಯಿಂದ ಒಂದು ಬೆಟ್ಟಕ್ಕೆ ಪದವಿ ದೊರೆಯುತ್ತದೆ, ಇನ್ನೊಂದಕ್ಕೆ ತಪ್ಪುತ್ತದೆ. ಆದ್ದರಿಂದ ಅಳೆದವರು ಯಾರು, ಹೇಗೆ ಅಳೆದರು ಎಂಬುದು ಸಣ್ಣ ಮಾತಲ್ಲ.

ಬ್ರಿಟನ್ನಿನ ಭೂಮಾಪನ ಸಂಸ್ಥೆಯಾದ ಆರ್ಡ್ನನ್ಸ್ ಸರ್ವೆ ಹುಟ್ಟಿದ್ದು ೧೭೯೧ರಲ್ಲಿ, ಫ್ರೆಂಚರ ದಂಡು ಬಂದೀತೆಂಬ ಭಯದ ದಿನಗಳಲ್ಲಿ. ನೆಲದ ಮೇಲೆ ಒಂದು ರೇಖೆಯನ್ನು ನಿಖರವಾಗಿ ಅಳೆದುಕೊಂಡು, ಅದರ ಎರಡು ತುದಿಗಳಿಂದ ದೂರದ ಶಿಖರಕ್ಕೆ ಗುರಿಯಿಟ್ಟು ಕೋನಗಳನ್ನು ಓದಿ, ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ ದೇಶವನ್ನೆಲ್ಲ ಅಳೆಯುವುದು ಅವರ ಕ್ರಮ. ಇದೇ ಕ್ರಮವನ್ನು ಲ್ಯಾಂಬ್ಟನ್ ೧೮೦೨ರಲ್ಲಿ ಮದರಾಸಿನಲ್ಲಿ ಆರಂಭಿಸಿ ನಮ್ಮ ಮೈಸೂರು ಸೀಮೆಗೂ ತಂದನು. ಬ್ರಿಟನ್ನಿನಲ್ಲಿ ೧೯೩೬ರಿಂದ ೧೯೬೨ರವರೆಗೆ ಈ ಕೆಲಸವನ್ನು ಮತ್ತೊಮ್ಮೆ ಹೊಸದಾಗಿ ಮಾಡಿದರು. ಆಗ ಗುಡ್ಡದ ನೆತ್ತಿಗಳ ಮೇಲೆ ನಿಲ್ಲಿಸಿದ ಕಂಬಗಳು ಸುಮಾರು ೬,೫೦೦. ಎತ್ತರಕ್ಕೆ ಆಧಾರವಾಗಿ ಹಿಡಿದದ್ದು ಕಾರ್ನ್‌ವಾಲ್ ತೀರದ ನ್ಯೂಲಿನ್ ಎಂಬಲ್ಲಿ ೧೯೧೫ರಿಂದ ೧೯೨೧ರವರೆಗೆ ಅಳೆದ ಸಮುದ್ರದ ಸರಾಸರಿ ಮಟ್ಟ.

ಆ ಮಹನೀಯರ ಶ್ರಮಕ್ಕೆ ಕೈಮುಗಿಯಬೇಕು. ಆದರೆ ಅವರ ಉದ್ದೇಶ ಭೂಪಟವೇ ಹೊರತು ಬೆಟ್ಟಗಳ ಪಟ್ಟಿಯಲ್ಲ. ಕಂಬವನ್ನು ನೋಟ ಚೆನ್ನಾಗಿ ಸಿಗುವ ಕಡೆ ನೆಡುತ್ತಿದ್ದರು. ಅತ್ಯುನ್ನತ ಬಂಡೆ ಪಕ್ಕದಲ್ಲೇ ಉಳಿದದ್ದೂ ಉಂಟು. ಮೀಟರಿನ ಒಳಗಿನ ವ್ಯತ್ಯಾಸ ಭೂಪಟಕ್ಕೆ ಬೇಕಿರಲಿಲ್ಲ, ಪಟ್ಟಿಗೆ ಬೇಕಾಗಿತ್ತು.

ಉತ್ತರ ವೇಲ್ಸಿನ ಮನಿದ್ ಗ್ರೈಗ್ ಗೋಖ್ ಇದಕ್ಕೆ ಸಾಕ್ಷಿ. ಭೂಪಟದಲ್ಲಿ ಅದರ ಎತ್ತರ ೬೦೯ ಮೀಟರು, ಬೆಟ್ಟವೆನಿಸಲು ಎರಡು ಅಡಿ ಕಡಮೆ. ೨೦೦೮ರಲ್ಲಿ ಮೂವರು ಹವ್ಯಾಸಿಗಳು ಉಪಗ್ರಹಗಳ ಸಂಕೇತ ಹಿಡಿಯುವ ಯಂತ್ರವನ್ನು ನೆತ್ತಿಗೆ ಹೊತ್ತು ಅಳೆದಾಗ ೨,೦೦೦ ಅಡಿಯ ಮೇಲೆ ಆರು ಅಂಗುಲ ಸಿಕ್ಕಿತು! ೨೦೧೦ರಲ್ಲಿ ಗ್ಲಿಡೆರ್ ವೌರ್ ಶಿಖರ ೯೯೯ ಮೀಟರಿನಿಂದ ೧,೦೦೦.೮ಕ್ಕೆ ಏರಿ, ವೇಲ್ಸಿನಲ್ಲಿ ಸಾವಿರ ಮೀಟರು ದಾಟಿದ ಐದನೆಯ ಶಿಖರವಾಯಿತು.

ಎತ್ತರವೊಂದೇ ಸಾಲದು. ದೊಡ್ಡ ಬೆಟ್ಟದ ಹೆಗಲ ಮೇಲಿನ ಉಬ್ಬನ್ನು ಬೇರೆ ಬೆಟ್ಟವೆನ್ನಬಹುದೇ? ಪಕ್ಕದ ಬೆಟ್ಟಕ್ಕೂ ಇದಕ್ಕೂ ನಡುವೆ ಕುದುರೆಯ ಜೀನಿನಂತಹ ತಗ್ಗು ಇರುತ್ತದಷ್ಟೆ. ಆ ತಗ್ಗಿನಿಂದ ನೆತ್ತಿಗೆ ಎಷ್ಟು ಏರು ಎಂದು ನೋಡಬೇಕು. ಹ್ಯೂವಿಟ್ ಎಂಬ ಪಟ್ಟಿಗೆ ೩೦ ಮೀಟರು ಏರು ಬೇಕು; ಮ್ಯಾರಿಲಿನ್ ಎಂಬುದಕ್ಕೆ ೧೫೦. ದಕ್ಷಿಣ ವೇಲ್ಸಿನ ವಾನ್ ಅ ಬೀಗ್ ಎಂಬ ಶಿಖರಕ್ಕೆ ಈ ಏರು ೩೦ ಮೀಟರು ತುಂಬಲಿಲ್ಲವೆಂದು ೨೦೧೮ರಲ್ಲಿ ತಿಳಿದು, ಅದು ಹ್ಯೂವಿಟ್ ಪಟ್ಟಿಯಿಂದ ಇಳಿಯಬೇಕಾಯಿತು. ನೆತ್ತಿಯನ್ನು ಅಳೆದವರು ಬಹಳ. ತಗ್ಗನ್ನು ಅಳೆದವರು ವಿರಳ. ಅಲ್ಲಿ ಸಮೋನ್ನತಿ ರೇಖೆಗಳ ನಡುವಿನ ಊಹೆಯೇ ಗತಿಯಾಗಿತ್ತು.

ಈ ಕೊರತೆಯನ್ನು ತುಂಬಿದ್ದು ಲೇಸರ್ ಬೆಳಕು. ವಿಮಾನವೊಂದು ಹಾರುತ್ತ ಕ್ಷಣಕ್ಷಣಕ್ಕೂ ಬೆಳಕಿನ ಮಿಡಿತಗಳನ್ನು ನೆಲಕ್ಕೆ ಕಳುಹಿಸುತ್ತದೆ. ಅವು ಮರಳಿ ಬರುವ ವೇಳೆಯಿಂದ ದೂರ ತಿಳಿಯುತ್ತದೆ. ನೆಲ ಒಂದು ಮೀಟರು ತಗ್ಗಾದರೆ ಮಿಡಿತ ಮರಳುವುದು ಸೆಕೆಂಡಿನ ಹದಿನೈದು ಕೋಟಿಯ ಒಂದು ಭಾಗದಷ್ಟು ತಡ. ಎಲೆಗಳ ಸಂದಿಯಲ್ಲಿ ಇಳಿದ ಮಿಡಿತಗಳಿಂದ ಕಾಡಿನ ಕೆಳಗಿನ ನೆಲವೂ ಗೋಚರಿಸುತ್ತದೆ. ವೇಲ್ಸ್ ಸರ್ಕಾರವು ೨೦೨೦ರಿಂದ ೨೦೨೩ರವರೆಗೆ ಇಡೀ ನಾಡನ್ನು ಹೀಗೆ ಅಳೆಯಿಸಿ, ಮೀಟರಿಗೊಂದರಂತೆ ಎತ್ತರಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಹಿಂದೆ ಸೈನ್ಯದ ಗುಟ್ಟಾಗಿದ್ದ ವಿದ್ಯೆ ಇಂದು ಮನೆಯಲ್ಲಿ ಕುಳಿತ ಹವ್ಯಾಸಿಯ ಕೈಗೆ ಬಂದಿದೆ. ಅವನು ನೆತ್ತಿಯನ್ನೂ ತಗ್ಗನ್ನೂ ಹುಡುಕಿ, ಸರ್ಕಾರಿ ಭೂಪಟವನ್ನೇ ಪ್ರಶ್ನಿಸಬಲ್ಲನು.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಈ ಬೆಳಕಿನ ಮುಂದೆ ಸೋತಿತೆನ್ನಬಹುದೇ? ಪೂರ್ತಿ ಸೋಲಲಿಲ್ಲ. ಮೊನಚಾದ ಬಂಡೆಯ ತುದಿ ಎರಡು ಮಿಡಿತಗಳ ನಡುವೆ ತಪ್ಪಿಸಿಕೊಳ್ಳಬಹುದು. ಜನ ಪೇರಿಸಿದ ಕಲ್ಲುಗುಪ್ಪೆಯೇ ನೆತ್ತಿಯೆಂದು ತೋರಬಹುದು. ಸಂದೇಹ ಬಂದ ಕಡೆ ಇಂದಿಗೂ ಮನುಷ್ಯನೇ ಯಂತ್ರ ಹೊತ್ತು ಹತ್ತಬೇಕು.

ಇನ್ನೊಂದು ಮಾತು. ಆರು ಅಂಗುಲದಿಂದ ಗೆದ್ದ ಆ ಬೆಟ್ಟದ ಹೆಸರಿನಲ್ಲಿರುವ ಮನಿದ್ ಎಂಬ ವೆಲ್ಷ್ ಮಾತಿಗೆ ಬೆಟ್ಟವೆಂದೇ ಅರ್ಥ. ಅದರ ತಪ್ಪಲಿನ ಜನ ಕಣ್ಣಳತೆಯಲ್ಲಿ ಕೊಟ್ಟಿದ್ದ ಪದವಿಯನ್ನು ಪಟ್ಟಿಯವರು ಒಪ್ಪಿದ್ದು ೨೦೦೮ರಲ್ಲಿ. ಅಷ್ಟು ಕಾಲವೂ ಬೆಟ್ಟ ಇದ್ದಷ್ಟೇ ಇತ್ತು; ಬೆಳೆದದ್ದು ನಮ್ಮ ತಿಳಿವಳಿಕೆ.